ಸ್ಕ್ರೂ ಎಲ್ಲಿ ಹೋಯ್ತು?

ಈಗಿನ ಬೈಕು ಸಿಗ್ನಲ್‌ನಲ್ಲಿ ಎರಡು ಸಲ ಆಫ್ ಆದರೆ ಸಾಕು, ಗೆಳೆಯರ ಗುಂಪಿನಲ್ಲಿ ಒಬ್ಬನಾದರೂ ಹೇಳೇ ಹೇಳ್ತಾನೆ: “ಬ್ಯಾಟರಿ ಕನೆಕ್ಷನ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕು ಮಗಾ, ಇಸಿಯು ರಿಸೆಟ್ ಆಗುತ್ತೆ.” ಇಪ್ಪತ್ತೈದು ವರ್ಷದ ಹಿಂದೆ ಇದೇ ಕಾಯಿಲೆಗೆ ಇದ್ದ ಮದ್ದು ಬೇರೆ: “ಏರ್ ಸ್ಕ್ರೂ ಕಾಲು ಸುತ್ತು ಬಿಚ್ಚು, ಐಡ್ಲಿಂಗ್ ಸ್ವಲ್ಪ ಏರಿಸು.” ಎರಡೂ ಸಲಹೆ ಒಂದೇ ಕೆಲಸದ ಬಗ್ಗೆ. ಮೊದಲನೆಯದರಲ್ಲಿ ಹೇಳುವವನಿಗೂ ಕೇಳುವವನಿಗೂ ಒಳಗೆ ಏನಾಗುತ್ತಿದೆ ಅನ್ನೋದು ಗೊತ್ತಿಲ್ಲ. ಎರಡನೆಯದರಲ್ಲಿ ಇಬ್ಬರಿಗೂ ಗೊತ್ತಿತ್ತು. ಆ ಸ್ಕ್ರೂ ಎಲ್ಲಿ ಹೋಯ್ತು, ಯಾಕೆ ಹೋಯ್ತು ಅನ್ನೋದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದರಲ್ಲಿ ಯುದ್ಧವಿದೆ, ಹೊಗೆಯಿದೆ, ಕೋರ್ಟಿನ ಆದೇಶವಿದೆ. ನಮ್ಮ ಮೈಸೂರು, ಬೆಂಗಳೂರುಗಳೂ ನಡುನಡುವೆ ಬಂದು ಹೋಗುತ್ತವೆ.

ಮೊದಲು ಲೆಕ್ಕ ನೋಡೋಣ. ಒಂದು ಕೆಜಿ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಲೀಟರಿನಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಸಾವಿರ ಲೀಟರಿನ ಒಂಬತ್ತು ಸಿಂಟೆಕ್ಸ್ ಟ್ಯಾಂಕು ತುಂಬುವಷ್ಟು! ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ‘ರಿಚ್’, ಕಡಿಮೆಯಾದರೆ ‘ಲೀನ್’. ರಿಚ್ ಆದರೆ ಮೈಲೇಜ್ ಬೀಳುತ್ತೆ, ಪ್ಲಗ್ಗಿಗೆ ಮಸಿ ಕಟ್ಟುತ್ತೆ, ಹೊಗೆ ಬರುತ್ತೆ. ಲೀನ್ ಆದರೆ ಇಂಜಿನ್ ಬಿಸಿಯಾಗುತ್ತೆ, ಎಳೆತ ಇರಲ್ಲ. ಬೈಕಿನ ಟ್ಯೂನಿಂಗ್ ಅಂತ ನಾವು ಕರೆಯೋದರಲ್ಲಿ ಮುಕ್ಕಾಲು ಪಾಲು ಈ ಒಂದು ಅನುಪಾತವನ್ನು ಕಾಪಾಡೋ ಕೆಲಸವೇ.

ಕಾಪಾಡೋದು ಸುಲಭವಲ್ಲ. ಗಾಳಿ ಎಲ್ಲ ಕಡೆ ಒಂದೇ ಥರ ಇರೋದಿಲ್ಲ. ಮಂಗಳೂರಿನ ಸಮುದ್ರತೀರದಿಂದ ಹೊರಟು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಇಳಿದಿರುತ್ತೆ. ಬೈಕ್ ಅದೇ, ಪೆಟ್ರೋಲ್ ಅದೇ, ಆದರೆ ಅಲ್ಲಿ ಹಳೇ ಬೈಕು ರಿಚ್ ಆಗಿ ಏದುಸಿರು ಬಿಡುತ್ತೆ. ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಧೂಳು ಕಟ್ಟಿದ ಏರ್ ಫಿಲ್ಟರ್ ಎಲ್ಲವೂ ಲೆಕ್ಕ ತಪ್ಪಿಸುತ್ತವೆ. ಹಾಗಾಗಿ ಯಾರೋ ಒಬ್ಬರು ಆಗಾಗ ಸರಿ ಮಾಡುತ್ತಲೇ ಇರಬೇಕು. ಆ ‘ಯಾರೋ ಒಬ್ಬರು’ ಯಾರು ಅನ್ನೋದೇ ಈ ಕಥೆ.

1893ರಲ್ಲಿ ಬುಡಾಪೆಸ್ಟಿನ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ ಎಂಬ ಇಬ್ಬರು ಇಂಜಿನಿಯರುಗಳು ಪೆಟ್ರೋಲನ್ನು ಗಾಳಿಯ ಸೆಳೆತದಲ್ಲಿ ಸಿಂಪಡಿಸುವ ಕಾರ್ಬ್ಯುರೇಟರಿಗೆ ಪೇಟೆಂಟ್ ಪಡೆದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ವಿಲ್ಹೆಲ್ಮ್ ಮೈಬಾಖ್ ಕೂಡ ಅಂಥದ್ದೇ ದಾರಿ ಹಿಡಿದಿದ್ದರು. ತತ್ವ ಸರಳ. ತಿಗಣೆ, ಸೊಳ್ಳೆಗೆ ಹೊಡೆಯುತ್ತಿದ್ದ ಹಳೇ ಫ್ಲಿಟ್ ಪಂಪ್ ನೆನಪಿದ್ದವರಿಗೆ ತಕ್ಷಣ ಅರ್ಥವಾಗುತ್ತೆ. ಗಾಳಿ ಜೋರಾಗಿ ಹಾದುಹೋದ ಕಡೆ ಒತ್ತಡ ಕಡಿಮೆಯಾಗುತ್ತೆ, ಪಕ್ಕದ ಸಣ್ಣ ತೂತಿನಿಂದ ಪೆಟ್ರೋಲ್ ತಾನಾಗಿ ಮೇಲೆದ್ದು ಹನಿಹನಿಯಾಗಿ ಚದುರುತ್ತೆ. ಪೆಟ್ರೋಲ್ ಮಟ್ಟ ಕಾಯಲು ಒಂದು ಪುಟ್ಟ ಬಟ್ಟಲು, ಅದರೊಳಗೆ ತೇಲುವ ಫ್ಲೋಟ್. ಕರೆಂಟ್ ಬೇಡ, ಕಂಪ್ಯೂಟರ್ ಬೇಡ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಹೊರಗೆ ಕಳಿಸಿದ ಜಾವಾ, ಯೆಜ್ಡಿಗಳೆಲ್ಲ ಈ ತತ್ವದ ಮೇಲೇ ಓಡಿದವು. ನಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಯೆಜ್ಡಿಗೆ ಟ್ಯೂನಿಂಗ್ ಮಾಡೋದನ್ನು ಸ್ಕೂಲು ಬಿಟ್ಟ ಮೇಲೆ ನಾವು ಹುಡುಗರು ನಿಂತು ನೋಡ್ತಿದ್ವಿ. ಇಂಜಿನ್ ಬಿಸಿಯಾಗೋ ತನಕ ಒಂದು ರೌಂಡ್ ಹೊಡೆದು ಬರೋರು. ಆಮೇಲೆ ಏರ್ ಸ್ಕ್ರೂ ಪೂರ್ತಿ ಬಿಗಿದು, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ, ಕಿವಿ ವಾಲಿಸಿ ಅರ್ಧ ಕಣ್ಣು ಮುಚ್ಚೋರು. “ಕೇಳ್ರಲೇ, ಈಗ ಉಸಿರು ಸಮ ಆಯ್ತು” ಅನ್ನೋರು. ಕೊನೆಗೆ ಪ್ಲಗ್ ಬಿಚ್ಚಿ ತುದಿಯ ಬಣ್ಣ ತೋರಿಸೋರು. ಕಾಫಿಪುಡಿ ಬಣ್ಣ ಇದ್ದರೆ ಸರಿ, ಕರ್ರಗಿದ್ದರೆ ರಿಚ್, ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಲೀನ್. ಕಿವಿ, ಕಣ್ಣು, ಒಂದು ಸ್ಕ್ರೂಡ್ರೈವರ್ ಇಷ್ಟೇ ಅವರ ಸಾಮಾನು. ಇಂಜಿನ್ನಿನ ಹದ ಅವರ ಕೈಯಲ್ಲಿತ್ತು, ಅದನ್ನು ನಿಂತು ನೋಡಿದ ಯಾರು ಬೇಕಾದರೂ ಕಲಿಯಬಹುದಿತ್ತು.

ಹಾಗಾದರೆ ಇಷ್ಟು ಸರಳವಾದದ್ದನ್ನು ಬಿಡಬೇಕಾದ ಅಗತ್ಯ ಏನಿತ್ತು? ಮೊದಲ ಕಾರಣ ಆಕಾಶದಿಂದ ಬಂತು.

1940ರಲ್ಲಿ ಬ್ರಿಟನ್ನಿನ ಮೇಲೆ ಜರ್ಮನಿಯ ವೈಮಾನಿಕ ದಾಳಿ ನಡೆದಾಗ ಬ್ರಿಟಿಷರ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿ ಇದ್ದದ್ದು ರೋಲ್ಸ್ ರಾಯ್ಸ್ ಮೆರ್ಲಿನ್ ಇಂಜಿನ್, ಅದಕ್ಕೆ ಕಾರ್ಬ್ಯುರೇಟರ್. ಜರ್ಮನರ ಮೆಸ್ಸರ್‌ಸ್ಮಿಟ್ 109ರಲ್ಲಿದ್ದ ಡೈಮ್ಲರ್-ಬೆಂಝ್ ಇಂಜಿನ್ನಿಗೆ ಪೆಟ್ರೋಲನ್ನು ಪಂಪಿನಿಂದ ಒತ್ತಿ ಚುಚ್ಚುವ ವ್ಯವಸ್ಥೆ, ಅಂದರೆ ಇಂಜೆಕ್ಷನ್. ಜರ್ಮನ್ ಪೈಲಟ್ ವಿಮಾನದ ಮೂತಿ ತಟ್ಟನೆ ಕೆಳಗೆ ಮಾಡಿ ಧುಮುಕಿದರೆ ಬೆನ್ನಟ್ಟಿದ ಬ್ರಿಟಿಷ್ ವಿಮಾನದ ಇಂಜಿನ್ ಒಂದೆರಡು ಕ್ಷಣ ಕೈಕೊಡುತ್ತಿತ್ತು. ಹಾಗೆ ಧುಮುಕುವಾಗ ಫ್ಲೋಟ್ ಬಟ್ಟಲಿನ ಪೆಟ್ರೋಲ್ ತಳ ಬಿಟ್ಟು ಮೇಲಕ್ಕೆ ಎದ್ದುಬಿಡುತ್ತಿತ್ತು. ಮೊದಲು ಇಂಜಿನ್ ಹಸಿಯುತ್ತಿತ್ತು, ಮರುಕ್ಷಣವೇ ಪೆಟ್ರೋಲ್ ಉಕ್ಕಿ ಉಸಿರು ಕಟ್ಟುತ್ತಿತ್ತು. ಯುದ್ಧದಲ್ಲಿ ಆ ಒಂದೆರಡು ಕ್ಷಣ ಸಾವು-ಬದುಕಿನ ವಿಷಯ.

ಇದಕ್ಕೆ ತುರ್ತು ಪರಿಹಾರ ಕೊಟ್ಟವರು ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಇಂಜಿನಿಯರ್. ಅವರು ಮೋಟಾರ್ ಸೈಕಲ್ ರೇಸರ್ ಕೂಡ! 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕಿನಲ್ಲಿ ಗಂಟೆಗೆ ನೂರು ಮೈಲಿಗೂ ಹೆಚ್ಚು ವೇಗದಲ್ಲಿ ಸುತ್ತು ಹೊಡೆದು ಗೋಲ್ಡ್ ಸ್ಟಾರ್ ಪಡೆದಿದ್ದರು. ಪೆಟ್ರೋಲ್ ಬರುವ ದಾರಿಯಲ್ಲಿ ಲೆಕ್ಕ ಹಾಕಿ ಕೊರೆದ ತೂತಿರುವ ಒಂದು ಪುಟ್ಟ ಲೋಹದ ತುಂಡು ಕೂರಿಸಿದರೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ನುಗ್ಗದಂತೆ ತಡೆಯಬಹುದು ಅಂತ ಅವರು ಕಂಡುಕೊಂಡರು. 1941ರಲ್ಲಿ ವಿಮಾನ ನೆಲೆಯಿಂದ ನೆಲೆಗೆ ಹೋಗಿ ಅದನ್ನು ಜೋಡಿಸಲಾಯಿತು. ಎಂಥಾ ಉಪಾಯ ನೋಡಿ! ಆದರೆ ಅದು ಉಪಾಯವಷ್ಟೇ, ಮೂಲ ತೊಂದರೆ ಹಾಗೇ ಉಳಿಯಿತು. ಪೆಟ್ರೋಲ್ ತಾನಾಗಿ ಹರಿದು ಬರಲಿ ಅಂತ ಕಾಯೋ ಯಂತ್ರಕ್ಕಿಂತ ಅಳೆದು ಒತ್ತಿ ಕೊಡುವ ಯಂತ್ರ ಮೇಲು ಅನ್ನೋದು ಎಲ್ಲರಿಗೂ ಗೊತ್ತಾಯ್ತು.

ಯುದ್ಧ ಮುಗಿದ ಮೇಲೆ 1954ರಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಕಾರಿಗೆ ಮೆಕ್ಯಾನಿಕಲ್ ಇಂಜೆಕ್ಷನ್ ಬಂತು. ಅದು ಶ್ರೀಮಂತರ ಕಾರು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಮಾಡಲು ಮೊದಲು ಹೊರಟದ್ದು ಅಮೆರಿಕದ ಬೆಂಡಿಕ್ಸ್ ಕಂಪನಿ. ಅವರ ‘ಎಲೆಕ್ಟ್ರೋಜೆಕ್ಟರ್’ 1958ರ ಕ್ರೈಸ್ಲರ್ ಕಂಪನಿಯ ಕೆಲವೇ ಕೆಲವು ಕಾರುಗಳಲ್ಲಿ ಬಂತು. ಆ ಕಾಲದ ಬಿಡಿಭಾಗಗಳು ಇಂಜಿನ್ನಿನ ಬಿಸಿ, ನಡುಕ ತಾಳಲಿಲ್ಲ. ಬಹುಪಾಲು ಕಾರುಗಳಿಗೆ ವಾಪಸ್ ಕಾರ್ಬ್ಯುರೇಟರ್ ಹಾಕಿಕೊಟ್ಟರು. ಕಲ್ಪನೆ ಸರಿಯಿತ್ತು, ಹಾರ್ಡ್‌ವೇರ್ ಇನ್ನೂ ಬಂದಿರಲಿಲ್ಲ. ನಮ್ಮ ಫೀಲ್ಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬೆಂಡಿಕ್ಸ್‌ನ ಪೇಟೆಂಟುಗಳು ಬಾಷ್ ಕೈಗೆ ಬಂದವು. 1967ರಲ್ಲಿ ಬಾಷ್ ತನ್ನ ಡಿ-ಜೆಟ್ರಾನಿಕ್ ಅನ್ನು ಫೋಕ್ಸ್‌ವ್ಯಾಗನ್ 1600ರಲ್ಲಿ ಕೂರಿಸಿ ಮಾರುಕಟ್ಟೆಗೆ ಬಿಟ್ಟಿತು. ‘ಡಿ’ ಅಂದರೆ ಜರ್ಮನ್ ಭಾಷೆಯ ‘ಡ್ರುಕ್’, ಒತ್ತಡ. ಇಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆದು, ಅದರಿಂದ ಗಾಳಿಯ ಪ್ರಮಾಣ ಲೆಕ್ಕ ಹಾಕಿ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ತೀರ್ಮಾನಿಸೋದು. ಇವತ್ತು ನಿಮ್ಮ ಬೈಕಿನಲ್ಲಿ ಮ್ಯಾಪ್ ಸೆನ್ಸರ್ ಅಂತ ಒಂದಿದ್ದರೆ ಅದು ಅದೇ ವಂಶದ್ದು.

ಬಾಷ್ ಅಂದರೆ ಬೆಂಗಳೂರಿನವರಿಗೆ ಬೇರೆ ಹೆಸರಿನಲ್ಲಿ ಹಳೇ ಪರಿಚಯ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ. 2008ರಲ್ಲಿ ಹೆಸರು ಬದಲಾಗಿ ಬಾಷ್ ಆಯ್ತು, ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗೇ ಉಳಿಯಿತು. ಆಡುಗೋಡಿಯ ಆ ಕಾರ್ಖಾನೆ ದಶಕಗಟ್ಟಲೆ ಮಾಡಿದ್ದು ಡೀಸೆಲ್ ಇಂಜೆಕ್ಷನ್ ಸಾಮಾನುಗಳನ್ನು, ಸ್ಪಾರ್ಕ್ ಪ್ಲಗ್ಗುಗಳನ್ನು. ಹಾಗಾಗಿ ಹಳ್ಳಿ ಕಡೆಯವರಿಗೆ ಇಂಜೆಕ್ಷನ್ ಅನ್ನೋ ಪದ ಬೈಕಿನಿಂದ ಬಂದದ್ದಲ್ಲ, ಟ್ರ್ಯಾಕ್ಟರಿನಿಂದ ಬಂದದ್ದು. ತಾಲ್ಲೂಕು ಕೇಂದ್ರಗಳಲ್ಲಿ ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಮಾಡೋ ಅಂಗಡಿಗಳಿದ್ದವು, ಈಗಲೂ ಇವೆ. ಟೆಸ್ಟ್ ಬೆಂಚಿನ ಮೇಲೆ ಪಂಪ್ ಕೂರಿಸಿ, ಸಾಲು ಗಾಜಿನ ಕೊಳವೆಗಳಲ್ಲಿ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗ್ತಿದೆ ಅಂತ ಕಣ್ಣಾರೆ ಅಳೆಯುತ್ತಾರೆ. ಈ ಅಂಗಡಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ಎರಡನೇ ಕಾರಣ: ಹೊಗೆ. ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಅದು ವಾಹನಗಳ ಮತ್ತು ಪೆಟ್ರೋಲಿಯಂ ಘಟಕಗಳ ಹೊಗೆ ಬಿಸಿಲಿನಲ್ಲಿ ಬೆಂದು ಆಗುವ ವಿಷ ಅಂತ 1950ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಬಿಗಿಯಾಯಿತು. ಕಂಪನಿಗಳು ಕಾರ್ಬ್ಯುರೇಟರಿನ ಸ್ಕ್ರೂಗೆ ಮೊದಲು ಪ್ಲಾಸ್ಟಿಕ್ ಟೋಪಿ ಹಾಕಿ ಇಷ್ಟೇ ತಿರುಗಬೇಕು ಅಂತ ಮಿತಿ ಇಟ್ಟವು. ಆಮೇಲೆ ತೂತಿಗೆ ಲೋಹದ ಬಿರಡೆ ಹೊಡೆದು ಮುಚ್ಚೇಬಿಟ್ಟವು.

ಸ್ಕ್ರೂ ಕಾಣೆಯಾದದ್ದು ಇಲ್ಲಿ. ಕಂಪ್ಯೂಟರ್ ಬಂದು ಸ್ಕ್ರೂ ಹೋಯ್ತು ಅಂತ ನಾವು ತಿಳಿದಿದ್ದೇವೆ. ಆದರೆ ಕಾನೂನು ಅದಕ್ಕೂ ಮೊದಲೇ ಸ್ಕ್ರೂಗೆ ಬೀಗ ಹಾಕಿತ್ತು. ಸರ್ಕಾರದ ವಾದವನ್ನೂ ತಳ್ಳಿಹಾಕುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಗಾಡಿ ‘ಚೆನ್ನಾಗಿ ಎಳೀಲಿ’ ಅಂತ ಕಾಲು ಸುತ್ತು ರಿಚ್ ಮಾಡಿದರೆ ಊರಿನ ಗಾಳಿ ಯಾರು ಉಸಿರಾಡಬೇಕು? ನಮ್ಮ ಮೇಸ್ತ್ರಿಗೆ ಕೇಳಿಸುತ್ತಿದ್ದದ್ದು ಇಂಜಿನ್ನಿನ ಉಸಿರು. ಹಿಂದೆ ನಿಂತವರ ಉಸಿರನ್ನು ಯಾವ ಕಿವಿಯೂ ಅಳೆಯಲಾರದು.

ಅದನ್ನು ಅಳೆಯೋ ಸಾಧನ 1976ರಲ್ಲಿ ಬಂತು. ಬಾಷ್ ಮಾಡಿದ ಲ್ಯಾಂಬ್ಡಾ ಸೆನ್ಸರ್, ಅಂದರೆ ಈಗ ನಾವು ಆಕ್ಸಿಜನ್ ಸೆನ್ಸರ್ ಅನ್ನೋದು, ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ ಮೊದಲು ಕೂತಿತು. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೋ ಇಲ್ಲವೋ ಅಂತ ಅದು ಮೂಸಿ ನೋಡುತ್ತೆ. ಸುಮಾರು 0.45 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಲೀನ್, ಹೆಚ್ಚು ತೋರಿಸಿದರೆ ರಿಚ್. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದ ಮೇಸ್ತ್ರಿಯ ಕೆಲಸವನ್ನೇ ಇದು ಇಂಜಿನ್ ಓಡುತ್ತಿರುವಾಗಲೇ, ಸೆಕೆಂಡಿಗೆ ಹಲವು ಸಲ ಮಾಡುತ್ತೆ. ಲೀನ್ ಅಂದರೆ ಸ್ವಲ್ಪ ಹೆಚ್ಚು ಪೆಟ್ರೋಲ್, ರಿಚ್ ಅಂದರೆ ಸ್ವಲ್ಪ ಕಡಿಮೆ. ಇದಕ್ಕೆ ಕ್ಲೋಸ್ಡ್ ಲೂಪ್ ಅಂತಾರೆ. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದ ಬಾಷ್ ಮೋಟ್ರಾನಿಕ್ ಇಂಜೆಕ್ಷನ್ನನ್ನೂ ಇಗ್ನಿಷನ್ನನ್ನೂ ಒಂದೇ ಡಿಜಿಟಲ್ ಪೆಟ್ಟಿಗೆಗೆ ತಂದಿತು.

ಡಿಜಿಟಲ್ ಆದ ಮೇಲೆ ಹೊಸದೊಂದು ಸಾಧ್ಯವಾಯಿತು: ನೆನಪು. 1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಎರಡು ಸಂಖ್ಯೆಗಳಿದ್ದವು. ಒಂದರ ಹೆಸರು ಇಂಟಿಗ್ರೇಟರ್, ಇನ್ನೊಂದರದು ಬ್ಲಾಕ್ ಲರ್ನ್. ಎರಡಕ್ಕೂ ನಡುಮಟ್ಟ 128. ಎಂಟು ಬಿಟ್ಟಿನ ಲೆಕ್ಕ ಗೊತ್ತಿರೋರಿಗೆ ಯಾಕೆ 128 ಅಂತ ಹೇಳಬೇಕಿಲ್ಲ. 128ಕ್ಕಿಂತ ಮೇಲಿದ್ದರೆ ಕಂಪ್ಯೂಟರ್ ಪೆಟ್ರೋಲ್ ಸೇರಿಸುತ್ತಿದೆ, ಕೆಳಗಿದ್ದರೆ ತೆಗೆಯುತ್ತಿದೆ. ಇಂಟಿಗ್ರೇಟರ್ ಅನ್ನೋದು ಈ ಕ್ಷಣದ ಮೂಡು. ಬ್ಲಾಕ್ ಲರ್ನ್ ಅನ್ನೋದು ನಿಧಾನವಾಗಿ ಬೆಳೆದ ಅಭ್ಯಾಸ. ಈಗ ಇವುಗಳಿಗೆ ಶಾರ್ಟ್ ಟರ್ಮ್ ಟ್ರಿಮ್, ಲಾಂಗ್ ಟರ್ಮ್ ಟ್ರಿಮ್ ಅಂತ ಹೆಸರು. ಮೇಸ್ತ್ರಿ ಬಿಚ್ಚುತ್ತಿದ್ದ ಕಾಲು ಸುತ್ತು ಕೊನೆಗೆ ಬಂದು ಕೂತದ್ದು ಇಲ್ಲಿ, ಒಂದು ಬೈಟ್ ಆಗಿ. ಸ್ಕ್ರೂ ಮಾಯವಾಗಲಿಲ್ಲ ಕಣ್ರೀ, ಮೆಮೊರಿಗೆ ಶಿಫ್ಟ್ ಆಯ್ತು.

ಬೈಕುಗಳು ಈ ದಾರಿಗೆ ನಿಧಾನವಾಗಿ ಬಂದವು. ಅಮೆರಿಕದ ಹೊಗೆ ನಿಯಮ 1978ರಿಂದ ಮೋಟಾರ್ ಸೈಕಲ್ಲುಗಳಿಗೂ ಅನ್ವಯವಾಯಿತು. 1980ರಲ್ಲಿ ಕವಾಸಾಕಿ ತನ್ನ ಝಡ್ 1000 ಸಾಲಿನ ಬೈಕಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತು. 1982ರಲ್ಲಿ ಹೋಂಡಾ ಸಿಎಕ್ಸ್ 500 ಟರ್ಬೊ, 1983ರಲ್ಲಿ ಬಿಎಂಡಬ್ಲ್ಯು ಕೆ 100. ಎಲ್ಲವೂ ದೊಡ್ಡ, ದುಬಾರಿ ಬೈಕುಗಳು. ಸಣ್ಣ ಇಂಜಿನ್ನಿಗೆ ಇದನ್ನು ಇಳಿಸೋದು ಕಷ್ಟದ ಕೆಲಸ. ಒಂದೇ ಸಿಲಿಂಡರ್, ಪುಟ್ಟ ಬ್ಯಾಟರಿ, ಬೆಲೆಯ ಒತ್ತಡ. 6,000 ಆರ್‌ಪಿಎಂನಲ್ಲಿ ಓಡುವ ಫೋರ್ ಸ್ಟ್ರೋಕ್ ಇಂಜಿನ್ನಿಗೆ ಸೆಕೆಂಡಿಗೆ 50 ಸಲ ಪೆಟ್ರೋಲ್ ಚಿಮ್ಮಬೇಕು. ಐಡ್ಲಿಂಗ್‌ನಲ್ಲಂತೂ ಒಂದೊಂದು ಸಲಕ್ಕೆ ಬೇಕಾದದ್ದು ಬಹಳ ಪುಟ್ಟ ಹನಿ, ಅದರಲ್ಲೂ ಹದ ತಪ್ಪಬಾರದು.

ಭಾರತದಲ್ಲಿ 2006ರಲ್ಲಿ ಹೀರೊ ಹೋಂಡಾ ಗ್ಲಾಮರ್ ಎಫ್ಐ ಬಂತು, 2007ರಲ್ಲಿ ಪಲ್ಸರ್ 220 ಡಿಟಿಎಸ್-ಎಫ್ಐ, 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500. ಜನ ಹಿಂದೆಮುಂದೆ ನೋಡಿದರು. ಕಾರ್ಬ್ಯುರೇಟರ್ ಆದರೆ ಎಲ್ಲಿ ಬೇಕಾದರೂ ರಿಪೇರಿ ಆಗುತ್ತೆ, ಇದು ಕೆಟ್ಟರೆ ಯಾರು ನೋಡ್ತಾರೆ ಅನ್ನೋ ಭಯ. ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಕೊನೆಗೆ ಇಲ್ಲೂ ತೀರ್ಮಾನ ಮಾಡಿದ್ದು ಮಾರುಕಟ್ಟೆಯಲ್ಲ, ಕಾನೂನು. 2016ರಲ್ಲಿ ಕೇಂದ್ರ ಸರ್ಕಾರ ಬಿಎಸ್-5 ಬಿಟ್ಟು ನೇರ ಬಿಎಸ್-6ಕ್ಕೆ ಹಾರುವ ತೀರ್ಮಾನ ಮಾಡಿತು. 2017ರ ಮಾರ್ಚ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಿಎಸ್-3 ಗಾಡಿಗಳ ಮಾರಾಟ ನಿಲ್ಲಿಸಿದಾಗ ಶೋರೂಮುಗಳ ಮುಂದೆ ಡಿಸ್ಕೌಂಟಿಗೆ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾಯಿತು. ಕಿಲೋಮೀಟರಿಗೆ 60 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಅನ್ನೋ ಮಿತಿಯನ್ನು ಸ್ಕ್ರೂಡ್ರೈವರಿನಿಂದ ಕಾಯೋದು ಆಗದ ಮಾತು. ಬೆರಳೆಣಿಕೆಯ ಮಾಡೆಲ್‌ಗಳನ್ನು ಬಿಟ್ಟರೆ ನಮ್ಮ ದೇಶದ ಹೊಸ ಬೈಕುಗಳೆಲ್ಲ ಒಟ್ಟಿಗೇ ಇಂಜೆಕ್ಷನ್ನಿಗೆ ಬದಲಾದವು. ಆ ಹೊತ್ತಿಗೆ ಲಾಕ್‌ಡೌನ್. ಎಷ್ಟು ದೊಡ್ಡ ಬದಲಾವಣೆ ಆಯ್ತು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ.

ಈ ಹಿನ್ನೆಲೆಯಲ್ಲಿ ‘ರಿಸೆಟ್’ ಅನ್ನೋ ಪದಕ್ಕೆ ವಾಪಸ್ ಬರೋಣ. ನಿಮ್ಮ ಇಸಿಯು ಒಳಗೆ ಮುಖ್ಯವಾಗಿ ಮೂರು ಥರದ ಮಾಹಿತಿ ಇರುತ್ತೆ. ಒಂದು, ಕಂಪನಿಯವರು ಬರೆದು ಕಳಿಸಿದ ಮೂಲ ಮ್ಯಾಪ್. ಎರಡು, ಬೈಕು ಓಡುತ್ತಾ ಕಲಿತದ್ದು: ಟ್ರಿಮ್‌ಗಳು, ಥ್ರಾಟಲ್ ಮುಚ್ಚಿದ ಜಾಗ, ಐಡ್ಲಿಂಗಿಗೆ ಬೇಕಾದ ಗಾಳಿ ಎಷ್ಟು ಅನ್ನೋದು. ಮೂರು, ಎರರ್ ಕೋಡುಗಳು. ರಿಸೆಟ್ ಮಾಡಿದರೆ ಮೊದಲನೆಯದಕ್ಕೆ ಏನೂ ಆಗಲ್ಲ. ಅಳಿಸಿ ಹೋಗೋದು ಎರಡನೆಯದು, ಕೆಲವೊಮ್ಮೆ ಮೂರನೆಯದು. ಅದೂ ಕಂಪನಿಯಿಂದ ಕಂಪನಿಗೆ ಬೇರೆ. ಬ್ಯಾಟರಿ ತೆಗೆದರೂ ನೆನಪು ಉಳಿಸಿಕೊಳ್ಳುವ ಇಸಿಯುಗಳಿವೆ, ಅವಕ್ಕೆ ಹತ್ತು ನಿಮಿಷ ಅಲ್ಲ, ಹತ್ತು ದಿನ ಬಿಟ್ಟರೂ ಅಷ್ಟೇ.

ಅಂದರೆ ರಿಸೆಟ್ ಅನ್ನೋದು ಮದ್ದಲ್ಲ, ಮರೆವು. ಮರೆವು ಬೇಕಾದ ಸಂದರ್ಭಗಳೂ ಇವೆ. ಥ್ರಾಟಲ್ ಬಾಡಿಯಲ್ಲಿ ವರ್ಷಗಟ್ಟಲೆ ಮಸಿ ಕಟ್ಟಿದೆ ಅಂದ್ಕೊಳ್ಳಿ. ಇಸಿಯು ಅದಕ್ಕೆ ಹೊಂದಿಕೊಂಡು ಐಡ್ಲಿಂಗ್ ಗಾಳಿಯ ದಾರಿಯನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆಯೋದು ಕಲಿತಿರುತ್ತೆ. ನೀವು ಸರ್ವಿಸ್‌ನಲ್ಲಿ ಮಸಿ ತೊಳೆಸ್ತೀರಿ. ಇಸಿಯುಗೆ ಅದು ಗೊತ್ತಿಲ್ಲ, ಹಳೇ ಅಭ್ಯಾಸದಂತೆ ಹೆಚ್ಚು ತೆರೆಯುತ್ತೆ, ಬೈಕು ನಿಂತಲ್ಲೇ ಕೂಗಾಡುತ್ತೆ. ಇಲ್ಲಿ ರಿಸೆಟ್ ಮಾಡಿ ಹೊಸದಾಗಿ ಕಲಿಸೋದು ಸರಿಯಾದ ಕೆಲಸ. ಕಲಿಸೋದಕ್ಕೂ ಕ್ರಮ ಇದೆ. ಥ್ರಾಟಲ್ ಮುಟ್ಟದೆ ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ ಅನ್ನುವ ಬೈಕುಗಳಿವೆ. ಇಂತಿಷ್ಟು ಬಿಸಿಯಾಗೋ ತನಕ ಕಾಯಿರಿ ಅನ್ನುವವೂ ಇವೆ. ನಿಮ್ಮ ಬೈಕಿನ ಸರ್ವಿಸ್ ಪುಸ್ತಕ ಏನು ಹೇಳುತ್ತೋ ಅದೇ ಸರಿ, ಪಕ್ಕದ ಮನೆಯವರ ಬೈಕಿನದ್ದಲ್ಲ.

ಇನ್ನೊಂದು ಸಂದರ್ಭ ನೋಡಿ. ಆಕ್ಸಿಜನ್ ಸೆನ್ಸರ್ ಸೋತು ಯಾವಾಗಲೂ ‘ಲೀನ್, ಲೀನ್’ ಅಂತ ಸುಳ್ಳು ಹೇಳ್ತಿದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಸೇರಿಸ್ತಾ ಸೇರಿಸ್ತಾ ಹೋಗುತ್ತೆ. ಮೈಲೇಜ್ ಬಿದ್ದುಹೋಗುತ್ತೆ. ರಿಸೆಟ್ ಮಾಡಿದ ತಕ್ಷಣ ಟ್ರಿಮ್ ಸೊನ್ನೆಗೆ ಬಂದು ಬೈಕು ಹೂವಿನಂತೆ ಓಡುತ್ತೆ. “ನೋಡ್ದಾ, ಹೇಳಿರಲಿಲ್ವಾ!” ನಾಲ್ಕು ದಿನ. ಐದನೇ ದಿನ ಅದೇ ಹಳೇ ರಾಗ. ಯಾಕಂದರೆ ಅಳಿಸಿದ್ದು ಕಲಿಕೆಯನ್ನು, ಕಲಿಸಿದವನು ಅಲ್ಲೇ ಕೂತಿದ್ದಾನೆ. ರಿಸೆಟ್ ಮಾಡಿದ ನಾಲ್ಕು ದಿನಕ್ಕೆ ತೊಂದರೆ ಮರಳಿತು ಅನ್ನೋದೇ ಒಂದು ಸುಳಿವು. ಎಲ್ಲೋ ಒಂದು ಪಾರ್ಟು ಕೆಟ್ಟಿದೆ ಅಂತ ಅರ್ಥ. ಮತ್ತೆ ರಿಸೆಟ್ ಮಾಡೋದು ಆ ಸುಳಿವನ್ನೇ ಒರೆಸಿದ ಹಾಗೆ. ಪ್ರೊಡಕ್ಷನ್ ಸರ್ವರ್ ಬಿದ್ದಾಗ ಲಾಗ್ ತೆಗೆದಿಡದೆ ರೀಸ್ಟಾರ್ಟ್ ಮಾಡಿದವರಿಗೆ ನಮ್ಮ ಟೀಮುಗಳಲ್ಲಿ ಏನು ಹೇಳ್ತೀವಿ ಅಂತ ನಿಮಗೇ ಗೊತ್ತು.

ಈ ಕಲಿಕೆ ಎಷ್ಟು ದೂರ ಹೋಗಬಲ್ಲದು ಅಂತ ತೋರಿಸಿದ್ದು ಬ್ರೆಜಿಲ್. ಕಬ್ಬಿನ ಎಥನಾಲನ್ನು ವಾಹನಕ್ಕೆ ಹಾಕುವ ದೊಡ್ಡ ಯೋಜನೆಯನ್ನು ಅವರು 1975ರಲ್ಲೇ ಶುರು ಮಾಡಿದ್ದರು. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಒಂದು ಕೆಜಿಗೆ ಸುಮಾರು 9 ಕೆಜಿ ಗಾಳಿ ಸಾಕು, 14.7 ಬೇಡ. ಹಾಗಾಗಿ ಟ್ಯಾಂಕಿನಲ್ಲಿ ಎಷ್ಟು ಎಥನಾಲ್ ಇದೆ ಅಂತ ಇಂಜಿನ್ನಿಗೆ ಗೊತ್ತಾಗಬೇಕು. 2003ರ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್ ಕಾರಿನಲ್ಲಿ ಅದಕ್ಕೆಂದೇ ಬೇರೆ ಸೆನ್ಸರ್ ಇಡಲಿಲ್ಲ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನೋಡಿ ಸಾಫ್ಟ್‌ವೇರ್ ತಾನೇ ಊಹಿಸಿತು. 2009ರಲ್ಲಿ ಹೋಂಡಾ ಅಲ್ಲೇ ಸಿಜಿ 150 ಟೈಟನ್ ಮಿಕ್ಸ್ ಅನ್ನೋ ಫ್ಲೆಕ್ಸ್ ಬೈಕನ್ನೂ ತಂದಿತು.

ಆ ಕಬ್ಬಿನ ಕಥೆ ಈಗ ನಮ್ಮದೂ ಹೌದು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಇ20ಗೆ ಬೇಕಾದ ಅನುಪಾತ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಶೇಕಡಾ ಎಂಟು-ಒಂಬತ್ತರಷ್ಟು ಹೆಚ್ಚು ಇಂಧನ ಬೇಕು. ಕಾರ್ಬ್ಯುರೇಟರಿನ ಜೆಟ್ಟಿಗೆ ಇದನ್ನು ಯಾರೂ ಹೇಳೋದಿಲ್ಲ, ಅದು ಹಳೇ ಅಳತೆಯಲ್ಲೇ ಕೊಟ್ಟು ಲೀನ್ ಆಗಿ ಓಡುತ್ತೆ. ಆಕ್ಸಿಜನ್ ಸೆನ್ಸರ್ ಇರುವ ಬೈಕು ತನ್ನ ಮಿತಿಯೊಳಗೆ ಹೊಂದಿಕೊಳ್ಳುತ್ತೆ, ಲಾಂಗ್ ಟರ್ಮ್ ಟ್ರಿಮ್ ಮೆಲ್ಲಗೆ ಮೇಲೇರುತ್ತೆ. ಇ20 ತುಂಬಿಸಿದ ಮೇಲೆ ಟ್ರಿಮ್ ಏರಿದ್ದು ಕಾಯಿಲೆಯಲ್ಲ, ಹೊಂದಾಣಿಕೆ. ಅದನ್ನು ರಿಸೆಟ್ ಮಾಡಿದರೆ ಬೈಕು ಪಾಪ, ಮತ್ತೆ ಅ-ಆ-ಇ-ಈ ಇಂದ ಶುರು ಮಾಡಬೇಕು. ಹಳೇ ಬೈಕಿನ ರಬ್ಬರ್, ಸೀಲುಗಳು ಎಥನಾಲ್ ತಾಳುತ್ತವೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಉತ್ತರ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸೋದು ಒಂದೇ. ಸ್ಕ್ರೂ ಹೋಯ್ತಲ್ಲ ಅಂತ ಮರುಗಬೇಕಿಲ್ಲ. ಚಳಿಯಲ್ಲಿ ಚೋಕ್ ಎಳೆದು ಕಿಕ್ ಹೊಡೆಯೋ ಪಾಡು ತಪ್ಪಿದೆ, ಮುಳ್ಳಯ್ಯನಗಿರಿಯ ತುದಿಯಲ್ಲೂ ಬೈಕು ತಾನಾಗಿ ಉಸಿರು ಸರಿಮಾಡಿಕೊಳ್ಳುತ್ತೆ, ಹಿಂದೆ ಬರುವವರ ಶ್ವಾಸಕೋಶಕ್ಕೆ ಹೋಗೋ ವಿಷ ಕಡಿಮೆಯಾಗಿದೆ. ಕಳೆದುಹೋದದ್ದು ಸ್ಕ್ರೂ ಅಲ್ಲ, ಅದನ್ನು ನೋಡುವ ಅವಕಾಶ. ಮೇಸ್ತ್ರಿಯ ಒಂದೂವರೆ ಸುತ್ತು ಎಲ್ಲರ ಕಣ್ಣಮುಂದೆ ಇತ್ತು. ಇಸಿಯು ಒಳಗಿನ ಸಂಖ್ಯೆ ಬೈಕಿನ ಯಜಮಾನನಿಗೂ ಕಾಣಲ್ಲ, ರಸ್ತೆಬದಿಯ ಮೆಕ್ಯಾನಿಕ್‌ಗೂ ಕಾಣಲ್ಲ. ಅನೇಕ ಬಿಎಸ್-6 ಬೈಕುಗಳಲ್ಲಿ ಆರು ಪಿನ್ನಿನ ಕೆಂಪು ಕನೆಕ್ಟರ್ ಇದೆ. ಅದಕ್ಕೆ ಹಾಕಿ ಓದೋ ಸಾಧನ, ಅದರ ಸಾಫ್ಟ್‌ವೇರ್ ಲೈಸೆನ್ಸ್ ಸಣ್ಣ ಗ್ಯಾರೇಜಿನವರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಓದಲು ಬಾರದ ಸಂಖ್ಯೆಯನ್ನು ಏನು ಮಾಡೋದು? ಅಳಿಸೋದೊಂದೇ ದಾರಿ. ಹಾಗಾಗಿ ‘ರಿಸೆಟ್ ಮಾಡು’ ಅನ್ನೋ ಸಲಹೆ ದಡ್ಡತನವೇನಲ್ಲ, ಕಣ್ಣು ಕಟ್ಟಿದವರು ಮಾಡಬಹುದಾದ ಏಕೈಕ ರಿಪೇರಿ ಅದು.

ತಾಲ್ಲೂಕು ಕೇಂದ್ರದ ಆ ಡೀಸೆಲ್ ಪಂಪ್ ಅಂಗಡಿಗಳನ್ನು ನೆನಪಿಸಿಕೊಳ್ಳಿ ಅಂದಿದ್ದೆ. ಇಂಜೆಕ್ಷನ್ ಪಂಪ್ ಏನು ಸುಲಭದ ವಸ್ತುವಾಗಿರಲಿಲ್ಲ. ಕೂದಲೆಳೆಗಿಂತ ಸಣ್ಣ ಅಳತೆಯ ಕೆಲಸ. ಆದರೂ ಟೆಸ್ಟ್ ಬೆಂಚ್, ಅಳತೆಯ ಪಟ್ಟಿ, ತರಬೇತಿ ಊರೂರಿಗೆ ಮುಟ್ಟಿದವು. ಹಾಗಾಗಿ ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರೂ ಅದರಲ್ಲಿ ಪಳಗಿದರು. ಇಸಿಯು ವಿಷಯದಲ್ಲೂ ಇದು ಸಾಧ್ಯ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿನ’ ಬಗ್ಗೆ ಸಮಿತಿ ಮಾಡಿ, ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಮೂಲ ಮ್ಯಾಪ್ ತಿದ್ದೋ ಹಕ್ಕು ಎಲ್ಲರಿಗೂ ಬೇಕು ಅಂತ ನಾನು ಹೇಳ್ತಿಲ್ಲ. ಹೊಗೆಯ ವಿಷಯದಲ್ಲಿ ಬೀಗ ಇರಲಿ. ಓದುವ ಹಕ್ಕಿಗೆ ಮಾತ್ರ ಬೀಗ ಬೇಡ.

ಈ ಇಸಿಯುಗಳ ಸಾಫ್ಟ್‌ವೇರ್ ಬರೆಯೋರಲ್ಲಿ ಎಷ್ಟೋ ಜನ ಕೋರಮಂಗಲದಲ್ಲೋ ವೈಟ್‌ಫೀಲ್ಡಿನಲ್ಲೋ ಕೂತಿದ್ದಾರೆ. ಈ ಪುಟ ಓದುತ್ತಿರುವವರಲ್ಲೂ ಒಂದಿಬ್ಬರು ಇರಬಹುದು. ನಮ್ಮೂರ ಹುಡುಗ ಬರೆದ ಕೋಡನ್ನು ನಮ್ಮೂರ ಮೇಸ್ತ್ರಿ ಓದಲಾರದ ಸ್ಥಿತಿ ವಿಚಿತ್ರ ಅಲ್ವಾ? ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ ಅಡ್ವೈಸರ್ “ರಿಸೆಟ್ ಮಾಡಿಕೊಡ್ತೀವಿ ಸಾರ್” ಅಂದರೆ ಒಂದು ಮಾತು ಕೇಳಿ ನೋಡಿ: “ಮಾಡಿ, ಆದರೆ ಅಳಿಸೋ ಮೊದಲು ಟ್ರಿಮ್ ಎಷ್ಟಿದೆ ಅಂತ ಜಾಬ್ ಕಾರ್ಡಿನಲ್ಲಿ ಬರೆದುಕೊಡಿ.” ಮೊದಲ ಸಲ ಕಣ್ಣರಳಿಸಿ ನೋಡಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಕೇಳದೆಯೇ ಬರೆದುಕೊಡ್ತಾರೆ.